ಶೆನಿನ್ ಎಂಬ ಬಿಳಿ ದ್ರಾಕ್ಷಿಯ ಪ್ರಯಾಣ



ಶೆನಿನ್ ಬ್ಲಾಂಕ್ ಎಂಬ ಹೆಸರನ್ನು ನಾನು ಮೊದಲು ಕಂಡದ್ದು ಒಂದು ಸಾಲದ ಅರ್ಜಿಯ ಮೇಲೆ. ಆಗ 2006ನೆಯ ಇಸವಿ. ಸೊಲ್ಲಾಪುರ ಜಿಲ್ಲೆಯ ಒಂದು ಹಳ್ಳಿ ಶಾಖೆಯಲ್ಲಿ ನಾನು ಗುಮಾಸ್ತ. ನಮ್ಮ ಕಡೆ ದ್ರಾಕ್ಷಿ ಸಾಲವೇನೂ ಹೊಸದಲ್ಲ. ಥಾಮ್ಸನ್, ಸೋನಾಕಾ, ತಾಸ್-ಎ-ಗಣೇಶ್, ಶರದ್ ಎಂದು ಬರೆದು ಬರೆದು ನನ್ನ ಕೈ ಪಳಗಿತ್ತು. ಆ ದಿನ ಬಂದ ಅರ್ಜಿಯಲ್ಲಿ ಬೆಳೆಯ ಕಾಲಮಿನಲ್ಲಿ 'ದ್ರಾಕ್ಷಿ, ಶೆನಿನ್ ಬ್ಲಾಂಕ್' ಎಂದಿತ್ತು. ಮೆಟ್ರಿಕ್ ಕಲಿತ ನನಗೆ ಬ್ಲಾಂಕ್ ಎಂದರೆ ಖಾಲಿ ಎಂದಷ್ಟೇ ಗೊತ್ತು. ರೈತ ಏನೋ ತುಂಬುವುದನ್ನು ಮರೆತಿದ್ದಾನೆಂದು ತಿಳಿದು ರಜಿಸ್ಟರಿನಲ್ಲಿ 'ಶೆನಿನ್' ಎಂದು ಬರೆದೆ, ಮುಂದೆ ಎರಡು ಬೆರಳು ಜಾಗ ಖಾಲಿ ಬಿಟ್ಟೆ. ಮ್ಯಾನೇಜರರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ಫ್ರೆಂಚ್ ಮಾತಂತೆ, ಬ್ಲಾಂ ಎಂದು ಹೇಳಬೇಕಂತೆ, ಅರ್ಥ ಬಿಳಿ. ಬಿಳಿ ಶೆನಿನ್.

ಆ ನಗುವನ್ನು ನಾನು ಮರೆಯಬಹುದಿತ್ತು. ಆದರೆ ಆ ಅರ್ಜಿಗೆ ನಾನೇ ಒಂದು ಟಿಪ್ಪಣಿ ಬರೆದಿದ್ದೆ: 'ಖರೀದಿ ಖಾತ್ರಿ ಇದೆ, ಸಾಲ ಕೊಡಬಹುದು.' ಒಂದು ವೈನ್ ತಯಾರಕರು ಹಣ್ಣು ಕೊಳ್ಳುವೆವೆಂದು ಕರಾರು ಬರೆದುಕೊಟ್ಟಿದ್ದರು. ಆ ಕಾಗದವನ್ನು ನಂಬಿ ನಾನು ಬರೆದ ಒಂದು ಸಾಲಿನ ಮುಂದಿನ ಕತೆಯನ್ನು ಕೊನೆಗೆ ಹೇಳುತ್ತೇನೆ. ನಿವೃತ್ತಿಯ ನಂತರ ವಾಚನಾಲಯದಲ್ಲಿ ಕುಳಿತು ಈ ದ್ರಾಕ್ಷಿಯ ಮೂಲ ಹುಡುಕಲು ನನ್ನನ್ನು ಹಚ್ಚಿದ್ದು ಆ ಸಾಲೇ. ತಾವು ಕುಡಿಯುವವರಾಗಿರಲಿ ಬಿಡಲಿ, ಒಂದು ಹಣ್ಣು ನಾಲ್ಕೈದು ನೂರು ವರ್ಷ ಊರೂರು ತಿರುಗಿದ ವೃತ್ತಾಂತ ಕೇಳುವುದರಲ್ಲಿ ದೋಷವೇನಿಲ್ಲ. ನಮ್ಮ ವೈದ್ಯರು ದ್ರಾಕ್ಷಾಸವವನ್ನು ಔಷಧವೆಂದೇ ಕೊಡುತ್ತಾ ಬಂದಿಲ್ಲವೇ?

ಫ್ರಾನ್ಸಿನ ಅತಿ ಉದ್ದದ ನದಿ ಲ್ವಾರ್. ಸಾವಿರ ಕಿಲೋಮೀಟರಿಗೂ ಹೆಚ್ಚು ಹರಿದು ಪಶ್ಚಿಮದ ಅಟ್ಲಾಂಟಿಕ್ ಸಾಗರ ಸೇರುತ್ತದೆ. ಅದರ ನಡುಭಾಗದಲ್ಲಿ ಆಂಜೂ ಮತ್ತು ತುರೇನ್ ಎಂಬ ಎರಡು ಹಳೆಯ ಸೀಮೆಗಳಿವೆ. ಶೆನಿನ್ನಿನ ತವರು ಅದೇ. ತುರೇನ್ ಸೀಮೆಯಲ್ಲಿ ನೀರಿನ ಮೇಲೆ ಕಮಾನು ಕಟ್ಟಿ ನಿಲ್ಲಿಸಿದ ಶೆನೊಂಸೋ ಅರಮನೆಯ ಚಿತ್ರವನ್ನು ತಾವು ಕ್ಯಾಲೆಂಡರಿನಲ್ಲಾದರೂ ನೋಡಿರಬೇಕು. ಅದನ್ನು ಹದಿನಾರನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದವನು ತೊಮಾ ಬೊಯೆ, ರಾಜನ ಖಜಾನೆಯ ಅಧಿಕಾರಿ. ಆ ಮನೆತನದವರು ಆಂಜೂವಿನಿಂದ ಒಳ್ಳೆಯ ಬಳ್ಳಿಗಳನ್ನು ತರಿಸಿ ನೆಡಿಸಿದರಂತೆ. ಅಲ್ಲಿಂದ ಸಮೀಪದ ಮೋಂ-ಶೆನಿನ್ ಎಂಬ ಜಾಗಕ್ಕೆ ಬಳ್ಳಿ ಹೋಯಿತೆಂದೂ ಅದರಿಂದಲೇ ಈ ಹೆಸರು ಬಂತೆಂದೂ ಹೇಳುತ್ತಾರೆ. ಅದೇ ಸೀಮೆಯ ಹಾಸ್ಯಗಾರ ಲೇಖಕ ರಾಬೆಲೇ 1534ರ ಸುಮಾರಿಗೆ ಬರೆದ 'ಗಾರ್ಗಾಂಟುವಾ' ಎಂಬ ಗ್ರಂಥದಲ್ಲಿ ಈ ಹಣ್ಣಿನ ಹೆಸರಿದೆ. ಅದು ಬರುವುದು ಕುಡಿಯುವ ಸಂದರ್ಭದಲ್ಲಲ್ಲ. ದ್ರಾಕ್ಷಿತೋಟ ಕಾಯುವ ಕುರುಬರಿಗೂ ರೊಟ್ಟಿ ಮಾರುವವರಿಗೂ ಜಗಳವಾಗಿ, ಕಾಲಿಗೆ ಚಾಟಿಯ ಏಟು ತಿಂದ ಒಬ್ಬ ಕುರುಬನಿಗೆ ಊರವರು ದಪ್ಪ ಶೆನಿನ್ ಹಣ್ಣಿನ ಉಪಚಾರ ಮಾಡಿ ಗುಣಪಡಿಸುತ್ತಾರೆ! ನಮ್ಮಲ್ಲಿ ಅರಿಸಿನ ಹಚ್ಚುವಂತೆ.

ಲ್ವಾರ್ ಪ್ರದೇಶ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 47 ಡಿಗ್ರಿಯಲ್ಲಿದೆ. ಅಲ್ಲಿ ಚಳಿ ಹೆಚ್ಚು, ಬಿಸಿಲು ಕಡಿಮೆ. ಈ ಬಳ್ಳಿ ಬೇಗ ಚಿಗುರುತ್ತದೆ, ಹಣ್ಣು ಮಾತ್ರ ತಡವಾಗಿ ಮಾಗುತ್ತದೆ. ಚಿಗುರಿದಾಗ ಹಿಮದ ಭಯ, ಮಾಗುವಾಗ ಮಳೆಯ ಭಯ. ಅದರ ಇನ್ನೊಂದು ಗುಣ ಹುಳಿ. ಎಷ್ಟು ಮಾಗಿದರೂ ಹುಳಿ ಬಿಡುವುದಿಲ್ಲ. ಹುಳಿ ಉಳಿಸಿಕೊಂಡೇ ಸಿಹಿಯಾಗುವ ಹಣ್ಣಾದ್ದರಿಂದ ಇದೊಂದರಿಂದಲೇ ಒಣ ವೈನು, ಅರೆಸಿಹಿ ವೈನು, ಜೇನಿನಂಥ ಸಿಹಿ ವೈನು, ನೊರೆಯುಕ್ಕುವ ವೈನು ಎಲ್ಲವನ್ನೂ ಮಾಡಬಹುದು. ಒಣ ವೈನು ಎಂದರೆ ಗಾಬರಿಯಾಗಬೇಡಿ, ನೀರಿಲ್ಲದ್ದೆಂದಲ್ಲ. ಹಣ್ಣಿನ ಸಕ್ಕರೆಯನ್ನೆಲ್ಲ ಯೀಸ್ಟು ತಿಂದು ಮುಗಿಸಿ ಸಿಹಿ ಉಳಿಯದೆ ಇರುವಂಥದ್ದು. ಸಕ್ಕರೆ ಸ್ವಲ್ಪ ಉಳಿದರೆ ಅರೆಸಿಹಿ. ಲೀಟರಿಗೆ 45 ಗ್ರಾಂ ಮೀರಿ ಉಳಿದರೆ ಪೂರ್ತಿ ಸಿಹಿ. ಒಂದೇ ಹಣ್ಣಿನಿಂದ ಇಷ್ಟು ಬಗೆ ಮಾಡಬಲ್ಲ ತಳಿಗಳು ಲೋಕದಲ್ಲಿ ಬಹಳಿಲ್ಲ.

ತುರೇನ್ ಸೀಮೆಯ ವೂವ್ರೆ ಎಂಬ ಊರಿನಲ್ಲಿ ಈ ವರ್ಷ ಯಾವ ಬಗೆಯ ವೈನು ಎಂಬುದನ್ನು ನಿರ್ಧರಿಸುವುದು ಯಜಮಾನನಲ್ಲ, ಹವಾಮಾನ. ಬಿಸಿಲು ಕಡಿಮೆಯಾದ ವರ್ಷ ಹುಳಿ ಹಣ್ಣಿನಿಂದ ನೊರೆವೈನು ಮತ್ತು ಒಣ ವೈನು ಮಾಡುತ್ತಾರೆ. ಶರತ್ಕಾಲ ಬೆಚ್ಚಗೆ ಉದ್ದಕ್ಕೆ ಸಾಗಿದರೆ ಸಿಹಿ ವೈನು. ಮೃಗಶಿರಾ ನೋಡಿ ತೊಗರಿಯೋ, ಹಿಂಗಾರಿಗೆ ಜೋಳವೋ ಎಂದು ತೀರ್ಮಾನಿಸುವ ನಮ್ಮ ರೈತನಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ವೂವ್ರೆಯ ನೆಲದಡಿ ತುಫೋ ಎಂಬ ಮೆತ್ತನೆಯ ಬಿಳಿ ಸುಣ್ಣಕಲ್ಲಿದೆ. ಅರಮನೆಗಳಿಗೆ ಕಲ್ಲು ಕೊರೆದು ಒಯ್ದ ಮೇಲೆ ಉಳಿದ ಗವಿಗಳಲ್ಲಿ ಜನ ಮನೆ ಮಾಡಿಕೊಂಡರು, ವೈನಿನ ಪೀಪಾಯಿಗಳನ್ನೂ ಇಟ್ಟರು. ಗವಿಯೊಳಗೆ ವರ್ಷವಿಡೀ ಒಂದೇ ತಂಪು. ಆ ತಂಪಿನಲ್ಲಿ ಒಳ್ಳೆಯ ವರ್ಷದ ಸಿಹಿ ವೂವ್ರೆ ಐವತ್ತು, ಅರವತ್ತು ವರ್ಷ ಕೆಡದೆ ಇರುತ್ತದೆ. ಕೆಡದಂತೆ ಕಾಯುವುದು ಅದರ ಹುಳಿಯೇ.

ರುಚಿಯ ವಿಷಯ ಬರೆಯುವವರು ಹೇಳುವ ಉಪಮೆಗಳನ್ನು ಓದಿದರೆ ನಗು ಬರುತ್ತದೆ. ಎಳೆಯ ಶೆನಿನ್ನಿನಲ್ಲಿ ಹಸಿರು ಸೇಬು, ಕ್ವಿನ್ಸ್ ಎಂಬ ಒಗರು ಹಣ್ಣು, ಸೇವಂತಿಗೆಯ ಜಾತಿಯ ಒಂದು ಹೂವು. ಹಳತಾದದ್ದರಲ್ಲಿ ಜೇನು, ಜೇನುಮೇಣ, ಒಣಹುಲ್ಲು. ಇವುಗಳ ಜೊತೆಗೆ ನೆನೆದ ಉಣ್ಣೆಯ ವಾಸನೆಯಂತೆ! ಯುರೋಪಿನ ಓದುಗರು ಇದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೋ, ನಮಗಂತೂ ಸುಲಭ. ಮಳೆಯಲ್ಲಿ ನೆಂದು ಬಂದ ಕುರುಬರ ಅಜ್ಜ ಕಂಬಳಿ ಕೊಡವಿ ಒಲೆಯ ಮುಂದೆ ಹರಡಿದಾಗ ಬರುವ ವಾಸನೆ ನೆನೆಸಿಕೊಳ್ಳಿ.

ಆಂಜೂ ಸೀಮೆಯಲ್ಲಿ ಸಾವೆನ್ಯೇರ್ ಎಂಬ ಊರಿದೆ. ಅಲ್ಲಿ ಪದರುಗಲ್ಲಿನ ನೆಲ. ಅಲ್ಲಿಯ ವೈನು ಒಣದು, ಗಡುಸು, ಕೆಲವು ವರ್ಷ ಕಾಯದೆ ಬಾಯಿಗೆ ಹತ್ತುವುದಿಲ್ಲ. ಅಲ್ಲಿನ ಕೂಲೆ ದ ಸೆರಾಂ ಎಂಬ ತೋಟವನ್ನು ಹನ್ನೆರಡನೆಯ ಶತಮಾನದಲ್ಲಿ ಸನ್ಯಾಸಿಗಳು ನೆಟ್ಟರು, ಸುಮಾರು 7 ಹೆಕ್ಟೇರ್ ಅಷ್ಟೇ, ಇವತ್ತಿಗೂ ಅಲ್ಲಿ ದ್ರಾಕ್ಷಿಯೇ. ನದಿಯ ಆಚೆ ದಂಡೆಗೆ ಲೆಯೋಂ ಎಂಬ ಉಪನದಿಯ ಕಣಿವೆ. ಶರತ್ಕಾಲದ ಬೆಳಿಗ್ಗೆ ಅಲ್ಲಿ ಮಂಜು ಮುಸುಕುತ್ತದೆ, ಮಧ್ಯಾಹ್ನ ಬಿಸಿಲು ಬೀಳುತ್ತದೆ. ಆ ಹದಕ್ಕೆ ಹಣ್ಣಿನ ಮೇಲೆ ಬೊಟ್ರೈಟಿಸ್ ಎಂಬ ಬೂದು ಬೂಷ್ಟು ಹತ್ತುತ್ತದೆ. ನಮ್ಮ ತೋಟದಲ್ಲಿ ಬೂಷ್ಟು ಕಂಡರೆ ರೈತ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾನೆ. ಅಲ್ಲಿ ಅದಕ್ಕೆ 'ಕುಲೀನ ಕೊಳೆ' ಎಂದು ಹೆಸರಿಟ್ಟು ಕಾದು ಕೂರುತ್ತಾರೆ! ಬೂಷ್ಟು ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ರಂಧ್ರ ಮಾಡುತ್ತದೆ, ನೀರು ಆವಿಯಾಗುತ್ತದೆ, ಹಣ್ಣು ಸುಕ್ಕುಗಟ್ಟಿ ಸಕ್ಕರೆ ಮಂದವಾಗುತ್ತದೆ. ಹಣ್ಣೆಲ್ಲ ಒಂದೇ ದಿನ ಹಾಗಾಗುವುದಿಲ್ಲ. ಆದ್ದರಿಂದ ಕೊಯ್ಯುವವರು ಅದೇ ಸಾಲಿನಲ್ಲಿ ಮೂರು ಸಲ, ನಾಲ್ಕು ಸಲ ತಿರುಗಿ ಸುಕ್ಕಿದ್ದನ್ನಷ್ಟೇ ಆರಿಸುತ್ತಾರೆ. ನಾವು ಬೇದಾಣೆ ಮಾಡಲು ಹಣ್ಣನ್ನು ದ್ರಾವಣದಲ್ಲಿ ಅದ್ದಿ ಚಪ್ಪರದ ನೆರಳಲ್ಲಿ ಹದಿನೈದು ದಿನ ಒಣಗಿಸುತ್ತೇವಲ್ಲ, ಅದರ ಅರ್ಧ ಕೆಲಸವನ್ನು ಅಲ್ಲಿ ಬಳ್ಳಿಯ ಮೇಲೆಯೇ ಬೂಷ್ಟು ಮಾಡಿಕೊಡುತ್ತದೆ.

ಲೆಯೋಂ ಕಣಿವೆಯಲ್ಲಿ ಒಂದು ಸಣ್ಣ ತೋಟಪಟ್ಟಿಯ ಹೆಸರು ಕಾರ್ ದ ಶೋಮ್. ಕಾರ್ ಎಂದರೆ ಕಾಲುಭಾಗ. ಮಧ್ಯಯುಗದಲ್ಲಿ ಅಲ್ಲಿಯ ಭೂಮಾಲೀಕ ಗೇಣಿಯೆಂದು ಸುಗ್ಗಿಯ ನಾಲ್ಕನೆಯ ಒಂದು ಪಾಲನ್ನು ತೆಗೆದುಕೊಳ್ಳುತ್ತಿದ್ದ. ಯಾವ ಪಾಲು? ಅತ್ಯುತ್ತಮ ಹಣ್ಣಿನ ಪಾಲು. ಹಾಗೆ ಗುರುತಾದ ಆ ಜಾಗದ ವೈನು ಇವತ್ತು ಲ್ವಾರ್ ಸೀಮೆಯಲ್ಲೇ ಅತ್ಯುಚ್ಚ ದರ್ಜೆಯದು. 2011ರಲ್ಲಿ 'ಗ್ರಾಂ ಕ್ರೂ' ಎಂಬ ಪದವಿಯೂ ಸಿಕ್ಕಿತು. ಗೇಣಿ ಲೆಕ್ಕ ಇಟ್ಟ ಗುಮಾಸ್ತನೊಬ್ಬ ಅಲ್ಲಿಯೂ ಇದ್ದಿರಬೇಕು. ಗೇಣಿದಾರನ ಹೆಸರು ಎಲ್ಲೂ ಇಲ್ಲ, ಕಾಲುಭಾಗದ ಹೆಸರು ಮಾತ್ರ ಸೀಸೆಯ ಮೇಲೆ ಅಚ್ಚಾಗುತ್ತಿದೆ.

ಗಡಿಯಲ್ಲಿ ಬಾಳುವ ನಮಗೆ ಬಹಳ ಹಿಡಿಸುವ ಒಂದು ಸಂಗತಿ ಇಲ್ಲಿದೆ. ಹದಿನೇಳನೆಯ ಶತಮಾನದಲ್ಲಿ ಡಚ್ ವ್ಯಾಪಾರಿಗಳು ಹಡಗು ತಂದು ಲ್ವಾರ್ ನದಿಯ ವೈನು ಕೊಂಡು ಸಮುದ್ರದ ದಾರಿಯಲ್ಲಿ ಒಯ್ಯುತ್ತಿದ್ದರು. ಆಂಜೂ ಸೀಮೆ ಮುಗಿದು ಬ್ರಿಟನಿ ಸೀಮೆ ಶುರುವಾಗುವಲ್ಲಿ ಇಂಗ್ರಾಂದ್ ಎಂಬ ಊರು, ಅಲ್ಲಿ ಜಕಾತಿ ನಾಕಾ. ನಾಕಾ ದಾಟುವ ವೈನಿಗೆ ಭಾರಿ ಸುಂಕ. ಕೆಳದರ್ಜೆಯ ಮಾಲಿಗೆ ಅಷ್ಟು ಸುಂಕ ಕೊಟ್ಟರೆ ಡಚ್ಚರಿಗೆ ಏನೂ ಗಿಟ್ಟದು. ಆದ್ದರಿಂದ ಅವರು ಆರಿಸಿ ಒಳ್ಳೆಯ ಬಿಳಿ ವೈನನ್ನಷ್ಟೇ ಕೊಳ್ಳುತ್ತಿದ್ದರು. ಉಳಿದದ್ದು ಪ್ಯಾರಿಸ್ಸಿಗೆ. ಆಂಜೂವಿನವರು ಅದಕ್ಕೇ 'ಸಮುದ್ರದ ವೈನು', 'ಪ್ಯಾರಿಸಿನ ವೈನು' ಎಂದು ಎರಡು ಹೆಸರಿಟ್ಟಿದ್ದರು. ಸಮುದ್ರದ್ದು ಮೇಲು, ರಾಜಧಾನಿಯದ್ದು ಕೀಳು! ನಾಕಾ ಒಂದರಿಂದ ಒಂದು ಸೀಮೆಯ ರೈತರು ಒಳ್ಳೆಯ ಹಣ್ಣು ಬೆಳೆಯುವುದನ್ನು ಕಲಿತರೆಂದರೆ ನಮ್ಮ ಕಡೆಯ ಚೆಕ್‌ಪೋಸ್ಟುಗಳ ಬಗ್ಗೆ ನನಗೆ ಸ್ವಲ್ಪ ಸಿಟ್ಟು ಇಳಿಯಿತು.

1880ರ ದಶಕದಲ್ಲಿ ಫಿಲಾಕ್ಸರಾ ಎಂಬ ಕೀಟ ಲ್ವಾರ್ ಕಣಿವೆಗೂ ಬಂತು. ಅಮೆರಿಕದಿಂದ ಬಂದ ಈ ಸಣ್ಣ ಹೇನು ಬೇರನ್ನು ಹೀರಿ ಫ್ರಾನ್ಸಿನ ತೋಟಗಳನ್ನೆಲ್ಲ ಒಣಗಿಸಿತ್ತು. ಪರಿಹಾರವೂ ಅಮೆರಿಕದಿಂದಲೇ ಬಂತು. ಆ ಕೀಟವನ್ನು ತಾಳುವ ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಫ್ರಾನ್ಸಿನ ಕಡ್ಡಿ ಕಸಿ ಮಾಡಿದರು. ಬೇರು ಒಂದು, ಮೇಲಿನ ಬಳ್ಳಿ ಇನ್ನೊಂದು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ವೂವ್ರೆಯ ಗಾಸ್ತೋಂ ಯುಎ ಎಂಬ ಹಿರಿಯರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಎರಡನೆಯ ಮಹಾಯುದ್ಧದಲ್ಲಿ 1940ರಲ್ಲಿ ಜರ್ಮನರಿಗೆ ಸೆರೆಸಿಕ್ಕು ಐದು ವರ್ಷ ಕೈದಿಯಾಗಿದ್ದರು. ಆ ಸೆರೆಶಿಬಿರದಲ್ಲೇ ಅಧಿಕಾರಿಗಳನ್ನು ಒಪ್ಪಿಸಿ, ಊರಿನಿಂದ ವೈನು ತರಿಸಿ, ಕೈದಿಗಳಿಗೆ ಒಂದು ವೈನ್ ಹಬ್ಬ ಮಾಡಿದರು. ತಲೆಗೆ ಒಂದು ತುಂಬು ಲೋಟವೂ ಬರಲಿಲ್ಲ. ಬಂದ ಗುಟುಕಿನಲ್ಲಿ ಊರಿನ ನೆನಪು ಇತ್ತು. ಬಿಡುಗಡೆಯಾಗಿ ಮರಳಿದ ಎರಡು ವರ್ಷಕ್ಕೆ ಬಂದ 1947ರ ಬೇಸಗೆ ಆ ಶತಮಾನದ ಅತ್ಯುತ್ತಮ ವೂವ್ರೆ ಕೊಟ್ಟಿತು. ಅದೇ ವರ್ಷ ಅವರು ಊರಿನ ಮೇಯರ್ ಆದರು. ಮುಂದೆ ಅತಿವೇಗದ ರೈಲಿನ ಹಳಿ ವೂವ್ರೆಯ ತೋಟಗಳ ಮೇಲೆ ಹಾಯುವುದೆಂದಾದಾಗ ಅವರು ಪಟ್ಟು ಹಿಡಿದು ಹೋರಾಡಿದರು. ಕೊನೆಗೆ ಹಳಿ ತೋಟದ ಅಡಿಯ ಸುರಂಗದಲ್ಲಿ ಹೋಯಿತು. 1990ರಿಂದ ರೈಲು ಬಳ್ಳಿಯ ಬೇರಿನ ಕೆಳಗೆ ಓಡುತ್ತಿದೆ.

ಈಗ ಹಡಗು ಹತ್ತೋಣ. ಆಫ್ರಿಕಾದ ದಕ್ಷಿಣ ತುದಿಯಲ್ಲಿ 1652ರ ಏಪ್ರಿಲಿನಲ್ಲಿ ಯಾನ್ ವಾನ್ ರೀಬೇಕ್ ಎಂಬ ಡಚ್ ಕಂಪನಿಯ ಅಧಿಕಾರಿ ಇಳಿದ. ಭಾರತಕ್ಕೂ ಜಾವಾಕ್ಕೂ ಹೋಗುವ ಹಡಗುಗಳಿಗೆ ತರಕಾರಿ, ನೀರು, ಮಾಂಸ ಒದಗಿಸುವ ಠಾಣ್ಯ ಕಟ್ಟುವುದು ಅವನ ಕೆಲಸ. 1655ರಲ್ಲಿ ದ್ರಾಕ್ಷಿ ಕಡ್ಡಿಗಳು ಬಂದವು. 1659ರ ಫೆಬ್ರವರಿ 2ರಂದು ಮೊದಲ ಸಲ ಅಲ್ಲಿಯ ಹಣ್ಣು ಹಿಂಡಿ ವೈನು ಮಾಡಿದೆವೆಂದು ದೇವರಿಗೆ ವಂದಿಸಿ ತನ್ನ ದಿನಚರಿಯಲ್ಲಿ ಬರೆದುಕೊಂಡ.

ಆ ದಿನ ಅವನ ಮನೆಯಲ್ಲಿ ನಮ್ಮ ದೇಶದ ಒಬ್ಬ ಹೆಂಗಸೂ ಇದ್ದಳು. ಬಂಗಾಳದಿಂದ ಗುಲಾಮಳಾಗಿ ಹಡಗಿನಲ್ಲಿ ಬಂದವಳು. ಡಚ್ಚರ ಕಾಗದಗಳಲ್ಲಿ ಅವಳ ಹೆಸರು 'ಬಂಗಾಳದ ಆಂಜೆಲಾ'. 1666ರಲ್ಲಿ ಅವಳಿಗೆ ಬಿಡುಗಡೆ ಸಿಕ್ಕಿತು, ಮದುವೆಯಾದಳು, ಅವಳ ಸಂತತಿ ಇಂದಿಗೂ ಆ ದೇಶದಲ್ಲಿದೆ. ಅವಳಂತೆಯೇ ಮಲಬಾರದಿಂದ, ಕೋರಮಂಡಲ ಕರಾವಳಿಯಿಂದ, ಬಂಗಾಳದಿಂದ ಬಹಳ ಮಂದಿಯನ್ನು ಕೇಪಿಗೆ ಒಯ್ದು ಮಾರಿದರು. ಆ ತೋಟಗಳನ್ನು ಅಗೆದ ಕೈಗಳಲ್ಲಿ ನಮ್ಮವರ ಕೈಗಳೂ ಇದ್ದವು. ಇದು ನಾನು ಶಾಲೆಯಲ್ಲಿ ಓದಿದ ಇತಿಹಾಸದಲ್ಲಿ ಇರಲಿಲ್ಲ.

ಕೇಪಿನಲ್ಲಿ ಒಂದು ಬಿಳಿ ದ್ರಾಕ್ಷಿ ಎಲ್ಲಕ್ಕಿಂತ ಚೆನ್ನಾಗಿ ಹಬ್ಬಿತು. ಬಿಸಿಲಿಗೆ ಬಗ್ಗದು, ಹೇರಳ ಹಣ್ಣು ಬಿಡುವುದು, ಆ ಬಿಸಿಲಿನಲ್ಲೂ ಹುಳಿ ಕಳೆದುಕೊಳ್ಳದು. ರೈತರು ಅದಕ್ಕೆ ಸ್ಟೇನ್ ಎಂದರು. ಅವರ ಭಾಷೆಯಲ್ಲಿ ಸ್ಟೇನ್ ಎಂದರೆ ಕಲ್ಲು. ತಲೆಮಾರುಗಳ ಕಾಲ ಅದು ಸ್ಟೇನ್ ಆಗಿಯೇ ಇತ್ತು. ತಮ್ಮ ನೆಲದ್ದೇ ತಳಿಯೆಂದು ಎಷ್ಟೋ ಜನ ತಿಳಿದಿದ್ದರು. 1965ರಲ್ಲಿ ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದ ಪ್ರೊಫೆಸರ್ ಆರ್ಫರ್ ಎಂಬವರು ಎಲೆಗಳನ್ನು ಹೋಲಿಸಿ ನೋಡಿ, ನಿಮ್ಮ ಸ್ಟೇನ್ ಎಂಬುದು ಲ್ವಾರ್ ನದಿಯ ಶೆನಿನ್ ಬ್ಲಾಂ ಎಂದು ತೋರಿಸಿದರು. ಒಂದು ಎಲೆಯ ಅಂಚು, ನರ, ಹಲ್ಲು ನೋಡಿ ಹೆಸರು ಹಿಂದಿರುಗಿಸಿದರು. ಬಳ್ಳಿಗೆ ಸಿಕ್ಕ ಈ ಭಾಗ್ಯ ಆಂಜೆಲಾಳಿಗೆ ಸಿಗಲಿಲ್ಲ. ಅವಳ ತಾಯಿ ಅವಳನ್ನು ಏನೆಂದು ಕರೆಯುತ್ತಿದ್ದಳೆಂಬುದು ಯಾವ ದಾಖಲೆಯಲ್ಲೂ ಉಳಿದಿಲ್ಲ.

ಹೆಸರು ಗೊತ್ತಾಗುವ ಹೊತ್ತಿಗೆ ಆ ಹಣ್ಣು ಕೇಪಿನಲ್ಲಿ ಅಗ್ಗದ ಮಾಲಾಗಿತ್ತು. 1959ರಲ್ಲಿ ಅಲ್ಲಿಯ ಒಂದು ದೊಡ್ಡ ಕಂಪನಿ ಲೀಬರ್‌ಸ್ಟೈನ್ ಎಂಬ ಅರೆಸಿಹಿ ವೈನು ಹೊರತಂದಿತು. ಅದರ ಬಹುಪಾಲು ಸ್ಟೇನ್ ಹಣ್ಣು. ಮೊದಲ ವರ್ಷ ಮಾರಿದ್ದು 30,000 ಲೀಟರ್. 1964ರಲ್ಲಿ 3 ಕೋಟಿ 10 ಲಕ್ಷ ಲೀಟರ್! ಆಗ ಸೀಸೆಯಲ್ಲಿ ಮಾರುವ ವೈನುಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಖರ್ಚಾದದ್ದು ಅದೇ ಎನ್ನುತ್ತಾರೆ. ಲೆಕ್ಕದ ಮನುಷ್ಯನಾದ ನಾನು ಈ ಅಂಕಿಯನ್ನು ಎರಡು ಸಲ ಓದಿದೆ. ಹುಳಿಯುವಾಗ ತೊಟ್ಟಿಯನ್ನು ತಂಪಾಗಿಡುವ ಹೊಸ ವಿದ್ಯೆ ಬಂದದ್ದರಿಂದ ಬಿಸಿನಾಡಿನಲ್ಲೂ ತಾಜಾ ವಾಸನೆಯ ಬಿಳಿ ವೈನು ಸಾಧ್ಯವಾಯಿತು. ಉಳಿದ ಹಣ್ಣನ್ನು ಬ್ರಾಂದಿಗೆ ಹಾಕಿದರು.

ಈ ಅಗ್ಗದ ಇನ್ನೊಂದು ಮುಖವೂ ಇದೆ. ಕೇಪಿನ ತೋಟಗಳಲ್ಲಿ 'ಡಾಪ್' ಎಂಬ ಪದ್ಧತಿ ಇತ್ತು. ಕೂಲಿಯ ಒಂದಂಶವನ್ನು ಹಣದ ಬದಲು ವೈನಿನಲ್ಲಿ ಕೊಡುವುದು. ಬೆಳಿಗ್ಗೆ ಒಂದು ಡಬ್ಬಿ, ಮಧ್ಯಾಹ್ನ ಒಂದು, ಸಂಜೆ ಒಂದು, ಹೀಗೆ. ಗುಲಾಮಗಿರಿ 1834ರಲ್ಲಿ ಕಾಗದದ ಮೇಲೆ ಮುಗಿದ ಮೇಲೂ ಇದು ನಡೆಯಿತು. 1960ರ ದಶಕದಲ್ಲಿ ಕಾನೂನು ನಿಷೇಧಿಸಿದರೂ 1990ರ ದಶಕದವರೆಗೆ ಅಲ್ಲಲ್ಲಿ ಉಳಿದಿತ್ತು. ಗರ್ಭದಲ್ಲಿದ್ದಾಗಲೇ ಮದ್ಯದ ಹಾನಿ ಹೊತ್ತು ಹುಟ್ಟುವ ಮಕ್ಕಳ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಾಗಿರುವ ಸೀಮೆಗಳಲ್ಲಿ ಈ ಕೇಪ್ ಪ್ರಾಂತ್ಯ ಒಂದು. ಲೋಟ ಎತ್ತಿ ಸೇಬು, ಜೇನು ಎಂದು ವರ್ಣಿಸುವ ಪುಸ್ತಕಗಳಲ್ಲಿ ಈ ಪುಟ ಬಹುಮಟ್ಟಿಗೆ ಇರುವುದಿಲ್ಲ. ಇರಬೇಕೆಂದು ನನ್ನ ಅಭಿಪ್ರಾಯ.

1994ರಲ್ಲಿ ಆ ದೇಶ ಬದಲಾಯಿತು, ಹೊರಗಿನ ಮಾರುಕಟ್ಟೆ ತೆರೆಯಿತು. ಮೊದಲು ಎಲ್ಲರೂ ಶೆನಿನ್ ಕಿತ್ತು ಹೆಸರುವಾಸಿ ಕೆಂಪು ತಳಿ ನೆಟ್ಟರು. ಕೆಲವರು ಮಾತ್ರ ಹಳೆಯ ಬಳ್ಳಿಗಳತ್ತ ನೋಡಿದರು. ಹಂದರವಿಲ್ಲದೆ, ನೀರಾವರಿಯಿಲ್ಲದೆ ಪೊದೆಯಂತೆ ನಿಂತ ಮುದಿಬಳ್ಳಿ ಸ್ವಲ್ಪವೇ ಹಣ್ಣು ಕೊಡುತ್ತದೆ, ಕೊಟ್ಟದ್ದರಲ್ಲಿ ಸತ್ವ ಹೆಚ್ಚು. ರೋಸಾ ಕ್ರೂಗರ್ ಎಂಬ ಮಹಿಳೆ 2002ರಿಂದ ಊರೂರು ಸುತ್ತಿ ಅಂಥ ತೋಟಗಳ ಪಟ್ಟಿ ಮಾಡಿದರು. 2016ರಲ್ಲಿ ಅದು ಒಂದು ಸಂಸ್ಥೆಯಾಯಿತು. ಈಗ 35 ವರ್ಷ ದಾಟಿದ ಬಳ್ಳಿಯ ವೈನಿಗೆ ನೆಟ್ಟ ಇಸವಿ ಬರೆದ ಮುದ್ರೆ ಅಂಟಿಸುತ್ತಾರೆ. ಸ್ವಾರ್ಟ್‌ಲಂಡ್, ಪಾರ್ಲ್, ಸ್ಟೆಲೆನ್‌ಬಾಷ್ ಸೀಮೆಗಳ ಅಂಥ ಶೆನಿನ್ ಇಂದು ಫ್ರಾನ್ಸಿನದಕ್ಕೆ ಭುಜ ಕೊಟ್ಟು ನಿಲ್ಲುತ್ತದೆ. ಶೆನಿನ್ ಬೆಳೆಯುವ ಜಮೀನಂತೂ ತವರಾದ ಫ್ರಾನ್ಸಿಗಿಂತ ದಕ್ಷಿಣ ಆಫ್ರಿಕಾದಲ್ಲೇ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿಯೂ ಒಂದು ಕಾಲದಲ್ಲಿ ಬಹಳ ಬೆಳೆದು ಅಗ್ಗದ ವೈನಿಗೆ ಸುರಿದರು. ಅದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ನಾಸಿಕದ ಸುಲಾ ಕಂಪನಿಯವರು 1997ರಲ್ಲಿ ಶೆನಿನ್ ಕಡ್ಡಿ ನೆಟ್ಟು 2000ದಲ್ಲಿ ವೈನು ಹೊರತಂದರು. 2001ರಲ್ಲಿ ಮಹಾರಾಷ್ಟ್ರ ಸರಕಾರ ದ್ರಾಕ್ಷಿ ಸಂಸ್ಕರಣೆಯ ನೀತಿ ಮಾಡಿ ಸುಂಕದಲ್ಲಿ ರಿಯಾಯಿತಿ ಕೊಟ್ಟಿತು. ನಾಸಿಕದಲ್ಲಿ, ಸಾಂಗಲಿಯಲ್ಲಿ, ನಮ್ಮ ಕಡೆಗೂ ವೈನ್ ಘಟಕಗಳು ಎದ್ದವು. ಸೊಲ್ಲಾಪುರ ಜಿಲ್ಲೆಯ ಅಕಲೂಜದಲ್ಲಿ 2007ರಲ್ಲಿ ಇಟಲಿಯವರ ಜೊತೆಗೂಡಿ ಶುರುವಾದ ಫ್ರಾಟೆಲ್ಲಿ ಕಂಪನಿಯೂ ಶೆನಿನ್ ವೈನು ಮಾಡುತ್ತದೆ. ಫ್ರಾಟೆಲ್ಲಿ ಎಂದರೆ ಸಹೋದರರು. ಲ್ವಾರ್ ದಂಡೆಯಲ್ಲಿ ವರ್ಷಕ್ಕೊಂದೇ ಚಾಟಣಿ, ಚಳಿಗಾಲದಲ್ಲಿ ಬಳ್ಳಿ ನಿದ್ರಿಸುತ್ತದೆ. ನಮ್ಮಲ್ಲಿ ಅದು ಮಲಗುವುದೇ ಇಲ್ಲ. ಏಪ್ರಿಲಿನಲ್ಲಿ ಒಂದು, ಅಕ್ಟೋಬರಿನಲ್ಲಿ ಒಂದು, ಎರಡು ಚಾಟಣಿ ಮಾಡಿ ಫೆಬ್ರವರಿಯ ಆಸುಪಾಸಿಗೆ ಕೊಯ್ಯುತ್ತೇವೆ. ಬೇರು ಅಮೆರಿಕದ ಡಾಗ್‌ರಿಡ್ಜ್ ತಳಿಯದು, ನಮ್ಮ ಉಪ್ಪುನೀರನ್ನೂ ಬರವನ್ನೂ ತಾಳುತ್ತದೆ. ಅದರ ಮೇಲೆ ಬೇಕಾದ ಜಾತಿಯ ಕಸಿ.

ಈಗ ಆ ಸಾಲದ ಕತೆ. ರೈತ ಎರಡು ಎಕರೆ ಶೆನಿನ್ ಹಚ್ಚಿದ. ಹಣ್ಣು ಬಂತು. 2008ರ ಕೊನೆಗೆ ಜಗತ್ತಿನ ಬ್ಯಾಂಕುಗಳು ಕುಸಿದವು, ಮುಂಬಯಿಯ ಹೋಟೆಲುಗಳ ಮೇಲೆ ದಾಳಿಯಾಯಿತು, ಪ್ರವಾಸಿಗರು ನಿಂತರು, ವೈನು ತೊಟ್ಟಿಗಳಲ್ಲೇ ಉಳಿಯಿತು. 2009ರ ಸುಗ್ಗಿಗೆ ಕರಾರು ಮಾಡಿದವರು ಫೋನೇ ಎತ್ತಲಿಲ್ಲ. ಥಾಮ್ಸನ್ ಆಗಿದ್ದರೆ ಮಾರುಕಟ್ಟೆಗೆ ಒಯ್ಯಬಹುದಿತ್ತು, ಇಲ್ಲವೇ ಬೇದಾಣೆ ಹಾಕಬಹುದಿತ್ತು. ಶೆನಿನ್ ಸಣ್ಣ ಹಣ್ಣು, ಒತ್ತೊತ್ತಾದ ಗೊನೆ, ಒಳಗೆ ಬೀಜ, ಬಾಯಿಗೆ ಹುಳಿ. ಬುಟ್ಟಿ ಹೊತ್ತು ಸಂತೆಗೆ ಹೋದರೆ ಯಾರೂ ಮುಟ್ಟುವುದಿಲ್ಲ. ಆ ರೈತ ಒಂದು ಗೊನೆ ತಂದು ನನ್ನ ಕೌಂಟರಿನ ಮೇಲೆ ಇಟ್ಟು, "ಸಾಹೇಬ್ರ, ಖಾತ್ರಿ ಅಂತ ನೀವs ಬರದಿದ್ರಿ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕರಾರಿನ ಆ ಕಾಗದದಲ್ಲಿ ಕೊಳ್ಳದಿದ್ದರೆ ಏನು ಎಂಬ ಕಲಮೇ ಇರಲಿಲ್ಲ. ಅದನ್ನು ಅರ್ಜಿ ಬಂದ ದಿನವೇ ನಾನು ಓದಿ ನೋಡಬೇಕಿತ್ತು.

ಅವನು ಬಳ್ಳಿ ಕೀಳಲಿಲ್ಲ. ಮೊಣಕಾಲೆತ್ತರಕ್ಕೆ ಗರಗಸ ಹಾಕಿ ಶೆನಿನ್ ತಲೆ ಕತ್ತರಿಸಿ, ಅದೇ ಡಾಗ್‌ರಿಡ್ಜ್ ಬೇರಿನ ಮೇಲೆ ಸೋನಾಕಾ ಕಸಿ ಕಟ್ಟಿದ. ಎರಡು ವರ್ಷ ಹಣ್ಣಿಲ್ಲ. ಕಂತುಗಳನ್ನು ಮುಂದೂಡಿ ಕೊಡಿರೆಂದು ನಾನು ಮೇಲಿನವರಿಗೆ ಮೂರು ಸಲ ಬರೆದೆ, ಮೂರನೆಯ ಸಲಕ್ಕೆ ಒಪ್ಪಿದರು. 2014ರಲ್ಲಿ ಖಾತೆ ಚುಕ್ತಾ ಆಯಿತು.

ನಿವೃತ್ತನಾದ ಮೇಲೆ ಅಳಿಯನ ಜೊತೆ ನಾಸಿಕದ ಕಡೆ ಹೋದಾಗ ಒಂದು ವೈನ್ ಘಟಕದಲ್ಲಿ ಶೆನಿನ್ನಿನ ರುಚಿ ನೋಡಿದೆ. ಮನೆಯಲ್ಲಿ ಹೇಳಬಾರದೆಂದು ಕರಾರು ಮಾಡಿಕೊಂಡಿದ್ದೆವು, ಈಗ ಅಚ್ಚಿನಲ್ಲೇ ಬಂತು. ಮೂಗಿಗೆ ಮೊದಲು ಬಂದದ್ದು ಪೇರಲಹಣ್ಣಿನ ವಾಸನೆ. ಬಿಸಿನಾಡಿನ ಶೆನಿನ್ನಿಗೆ ಪೇರಲ, ಅನಾನಸು, ಕರಬೂಜದ ವಾಸನೆ ಸಹಜವಂತೆ. ಆಮೇಲೆ ಸ್ವಲ್ಪ ಸಿಹಿ, ಅದರ ಹಿಂದೆಯೇ ಹಲ್ಲು ಜುಮ್ಮೆನಿಸುವ ಹುಳಿ. ನೆನೆದ ಕಂಬಳಿ ಮಾತ್ರ ನನಗೆ ಸಿಗಲಿಲ್ಲ. ಅದಕ್ಕೆ ಲ್ವಾರಿನ ಮಳೆಯೇ ಬೇಕೇನೋ.

ಹೋದ ಮಾಘದಲ್ಲಿ ಆ ರೈತನ ತೋಟಕ್ಕೆ ಹೋಗಿದ್ದೆ. ಸೋನಾಕಾ ಗೊನೆಗಳು ಬೆರಳುದ್ದ ಹಣ್ಣು ತೂಗಿಸಿಕೊಂಡಿದ್ದವು. ಬಾವಿಯ ಮೂಲೆಯಲ್ಲಿ ಒಂದು ಬಳ್ಳಿಗೆ ಗರಗಸ ಹಾಕುವುದು ತಪ್ಪಿಹೋಗಿತ್ತು. ಅದು ಇನ್ನೂ ಶೆನಿನ್. ಹುಡುಗರು ಹುಳಿಗಾಗಿ ಉಪ್ಪು ಹಚ್ಚಿ ತಿನ್ನುತ್ತಾರಂತೆ. ಅವನು ಒಂದು ಗೊನೆ ಕಿತ್ತು ನನ್ನ ಕೈಯಲ್ಲಿಟ್ಟ. ತಿಂದು ಬೀಜ ಉಗುಳಿದೆ.

"ಇದರ ಹೆಸರೇನಂತಿದ್ರಿ ಸಾಹೇಬ್ರ?"

"ಶೆನಿನ್," ಎಂದೆ.

"ಮುಂದಿಂದು ಖಾಲಿ ಬಿಟ್ರೇನು?" ಎಂದು ನಕ್ಕು, ಹೆಂಡತಿಯನ್ನು ಕೂಗಿ ಚಹಾಕ್ಕೆ ಹೇಳಿದ.